ಹಳೆ ಪಿಕಪ್‌ಗೆ ಮನೆಯಲ್ಲೇ ತಗಡು ಕೆಲಸ: ಮಿಗ್ ವೆಲ್ಡಿಂಗ್ ಮಷಿನ್, ಎರಡು ವರ್ಷ ಬಳಸಿದ ಮೇಲೆ

ಹಳೆ ಪಿಕಪ್ ಗಾಡಿಯನ್ನು ಮನೆಯಲ್ಲೇ ಸರಿ ಮಾಡಬೇಕು ಅಂದುಕೊಂಡವರೆಲ್ಲ ಮೊದಲು ಎಂಜಿನ್ ಬಗ್ಗೆ ಕೇಳುತ್ತಾರೆ. ಎಂಜಿನ್ ಅಷ್ಟು ದೊಡ್ಡ ತಲೆನೋವಲ್ಲ. ಅದರ ಸಾಮಾನು ಅಂಗಡಿಯಲ್ಲಿ ಸಿಗುತ್ತದೆ. ತಗಡು ಸಿಗುವುದಿಲ್ಲ. ಕ್ಯಾಬಿನ್ನಿನ ಫ್ಲೋರು, ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಲೋಡ್ ಬಾಡಿಯ ಅಂಚು, ಇವನ್ನೆಲ್ಲ ನೀವೇ ಕತ್ತರಿಸಿ, ಬಗ್ಗಿಸಿ, ವೆಲ್ಡ್ ಮಾಡಬೇಕು. ಆ ಕೆಲಸಕ್ಕೆ ಅಂತ ತಂದ ಇನ್ವರ್ಟರ್ ಮಿಗ್ ವೆಲ್ಡಿಂಗ್ ಮಷಿನ್ ಬಗ್ಗೆ ಈ ವಿಮರ್ಶೆ. ತಂದು ಎರಡು ವರ್ಷದ ಮೇಲಾಯಿತು. ಸಿಂಗಲ್ ಫೇಸ್, ಮೈಮೇಲೆ 200 ಆಂಪಿಯರ್ ಅಂತ ಬರೆದಿದೆ, ಗ್ಯಾಸ್ ಜೊತೆಗೂ ನಡೆಯುತ್ತದೆ, ಗ್ಯಾಸ್ ಇಲ್ಲದೆಯೂ ನಡೆಯುತ್ತದೆ. ಬೆಲೆ 20,000 ರೂಪಾಯಿ ಆಸುಪಾಸು. ಕಂಪನಿ ಹೆಸರು ಬರೆಯುತ್ತಿಲ್ಲ. ಈ ಬೆಲೆಯಲ್ಲಿ ಹೆಸರಿಗಿಂತ ಮಷಿನ್‌ನಲ್ಲಿ ಏನೇನಿದೆ ಅನ್ನುವುದೇ ಮುಖ್ಯ. ಅದನ್ನು ಕೆಳಗೆ ಬಿಡಿಸಿ ಹೇಳಿದ್ದೇನೆ.

ಗಾಡಿ ಟಾಟಾಮೊಬೈಲ್ 206. ಟೆಲ್ಕೊ (ಟಾಟಾ ಮೋಟರ್ಸ್‌ನ ಹಳೆ ಹೆಸರು) 1988ರಲ್ಲಿ ಹೊರತಂದ ಪಿಕಪ್. 1991ರ ಸಿಯೆರಾ, 1992ರ ಎಸ್ಟೇಟ್ ಕಾರು ಎರಡೂ ಇದರ ಬುಡದಿಂದಲೇ ಹುಟ್ಟಿದ್ದು. ಇದರ 1,948 ಸಿಸಿ ಡೀಸೆಲ್ ಎಂಜಿನ್ನೇ 1994ರಲ್ಲಿ ಸುಮೋಗೂ ಬಂತು. ಊರು ತುಂಬ ಸುಮೋ ಓಡಾಡಿದ್ದರಿಂದ ನಮಗೆ ಲಾಭ. ಗ್ಯಾಸ್ಕೆಟ್, ಪಿಸ್ಟನ್ ರಿಂಗ್, ಬೇರಿಂಗ್ ಬೇಕು ಅಂದರೆ ಬೆಂಗಳೂರಿನ ಜೆಸಿ ರೋಡಿಗೆ ಹೋದರೆ ಆಯಿತು. 206ರ ಕ್ಯಾಬಿನ್ ಫ್ಲೋರು ಕೇಳಿದರೆ ಮಾತ್ರ ಅಂಗಡಿಯವರು ತಲೆ ಅಲ್ಲಾಡಿಸುತ್ತಾರೆ. ನನ್ನ ಗಾಡಿ ವರ್ಷಗಟ್ಟಲೆ ಉಡುಪಿ ಕಡೆ ದುಡಿದಿದೆ. ಸಮುದ್ರದ ಗಾಳಿ, ಆ ಮಳೆ. ಚಾಸಿ ಗಟ್ಟಿಯಾಗಿಯೇ ಇತ್ತು. ಆದರೆ ಡ್ರೈವರ್ ಕಾಲ ಕೆಳಗೆ ರಬ್ಬರ್ ಮ್ಯಾಟ್ ಎತ್ತಿದರೆ ರಸ್ತೆ ಕಾಣುತ್ತಿತ್ತು.

ರಾಡ್ ಹಿಡಿದು ಮಾಡುವ ಮಾಮೂಲಿ ಆರ್ಕ್ ವೆಲ್ಡಿಂಗ್ ಸಾಲದಾ ಅಂತ ತುಂಬ ಜನ ಕೇಳಿದ್ದಾರೆ. ಗೇಟು, ಗ್ರಿಲ್ಲಿಗೆ ಸಾಕು. ಒಂದು ಮಿಲಿಮೀಟರ್ ಶೀಟಿಗೆ ರಾಡ್ ಹಚ್ಚಿದರೆ ತೂತು ಬೀಳುತ್ತದೆ. ತೂತು ಮುಚ್ಚಲು ಹೋದರೆ ಅದು ಇನ್ನೂ ದೊಡ್ಡದಾಗುತ್ತದೆ. ತೆಳು ಶೀಟಿಗೆ ಮಿಗ್ ಬೇಕು. ನಮ್ಮ ವರ್ಕ್‌ಶಾಪುಗಳಲ್ಲಿ ಸಿಓಟು (ಕಾರ್ಬನ್ ಡೈಆಕ್ಸೈಡ್) ವೆಲ್ಡಿಂಗ್ ಅನ್ನುವುದು ಇದಕ್ಕೇ. ಸಣ್ಣ ತಂತಿ ತಾನೇ ಮುಂದೆ ಬರುತ್ತಿರುತ್ತದೆ, ಟ್ರಿಗರ್ ಒತ್ತಿದಷ್ಟು ಹೊತ್ತು ಬೆಂಕಿ, ಬಿಟ್ಟರೆ ಬಂದ್. ಶಾಖ ನಿಮ್ಮ ಬೆರಳಿನಲ್ಲಿದೆ.

ಮನೆ ಕರೆಂಟು ತಡೆಯುತ್ತದೆಯೇ ಅನ್ನುವ ಹೆದರಿಕೆ ನನಗೂ ಇತ್ತು. ಲೆಕ್ಕ ನೋಡಿ. ಒಂದು ಮಿಲಿಮೀಟರ್ ಶೀಟಿಗೆ 40ರಿಂದ 60 ಆಂಪಿಯರ್ ಸಾಕು. ಆಗ ಮಷಿನ್ ಎಳೆಯುವ ಕರೆಂಟು ನಿಮ್ಮ ಬಾತ್‌ರೂಮಿನ ಗೀಸರ್‌ಗಿಂತ ಕಡಿಮೆ. 120 ಆಂಪಿಯರ್‌ಗೆ ಹೋದರೆ ಸುಮಾರು ಮೂರು ಕಿಲೋವ್ಯಾಟ್ ಬೇಕು. ಹಳೆ ಮನೆಯಾದರೆ ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಅಂತ ಒಮ್ಮೆ ನೋಡಿಕೊಳ್ಳಿ. ನಾನು ಮೀಟರ್ ಬೋರ್ಡಿನಿಂದ ಕಾರ್ ಪೋರ್ಚಿಗೆ 4 ಸ್ಕ್ವೇರ್ ಎಂಎಂ ವೈರ್ ಎಳೆಸಿ, 16 ಆಂಪಿಯರ್ ಸಾಕೆಟ್, ಅದಕ್ಕೇ ಬೇರೆ ಎಂಸಿಬಿ, ಸರಿಯಾದ ಅರ್ಥಿಂಗ್ ಹಾಕಿಸಿದೆ. ಎಲೆಕ್ಟ್ರಿಷಿಯನ್‌ಗೆ ಕೊಟ್ಟ ಆ ದುಡ್ಡು ಸಾರ್ಥಕ. ತೆಳ್ಳನೆ ಎಕ್ಸ್‌ಟೆನ್ಶನ್ ಬಾಕ್ಸಿಗೆ ಹಾಕಿದರೆ ವೋಲ್ಟೇಜ್ ವೈರಿನಲ್ಲೇ ಇಳಿದುಹೋಗುತ್ತದೆ, ವೈರೂ ಬಿಸಿಯಾಗುತ್ತದೆ. ಬೇಸಿಗೆ ಸಂಜೆ ಏರಿಯಾದ ವೋಲ್ಟೇಜೇ ಇಳಿದಾಗ ಆರ್ಕ್, ಅಂದರೆ ವೆಲ್ಡಿಂಗ್ ಬೆಂಕಿ, ತೊದಲುತ್ತದೆ. ಅದಕ್ಕೆ ನನ್ನ ವೆಲ್ಡಿಂಗ್ ಏನಿದ್ದರೂ ಭಾನುವಾರ ಬೆಳಿಗ್ಗೆ, ತಿಂಡಿ ಆದ ಮೇಲೆ. ಗ್ರೈಂಡರ್ ಸದ್ದಿಗೆ ಪಕ್ಕದ ಮನೆಯವರ ನಿದ್ದೆಯೂ ಕೆಡುವುದಿಲ್ಲ.

ಈಗ ಗ್ಯಾಸ್ ವಿಷಯ. ಕರಗಿದ ಲೋಹಕ್ಕೆ ಗಾಳಿ ತಾಗದ ಹಾಗೆ ಕಾಯುವುದು ಗ್ಯಾಸಿನ ಕೆಲಸ. ಫ್ಲಕ್ಸ್ ತಂತಿಯಲ್ಲಿ ಆ ಕೆಲಸವನ್ನು ಒಳಗಿನ ಪುಡಿಯೇ ಮಾಡುತ್ತದೆ. ಮಷಿನ್ ಜೊತೆ ಗ್ಯಾಸ್ ಬೇಡದ ಫ್ಲಕ್ಸ್ ತಂತಿಯ ಸಣ್ಣ ಸುರುಳಿ ಬಂದಿತ್ತು. ಇ71ಟಿ-ಜಿಎಸ್ ಅನ್ನುವ ತಂತಿ. ಕೆಲಸ ಮಾಡುತ್ತದೆ. ಆದರೆ ಕಿಡಿ ಜಾಸ್ತಿ, ಹೊಗೆ ಜಾಸ್ತಿ, ಮೇಲೆ ಕೂತ ಸ್ಲ್ಯಾಗ್ ಕುಟ್ಟಿ ತೆಗೆಯಬೇಕು. ಲೋಡ್ ಬಾಡಿಯ ಅಡ್ಡಪಟ್ಟಿಯಂಥ ದಪ್ಪ ಜಾಗಕ್ಕೆ ಸರಿ. ತೆಳು ಶೀಟಿಗೆ ಅದು ತುಂಬ ಬಿಸಿ. ಪೀಣ್ಯದ ಗ್ಯಾಸ್ ಡೀಲರ್ ಹತ್ತಿರ ಸಣ್ಣ ಸಿಓಟು ಸಿಲಿಂಡರ್ ತಂದು, 0.8 ಎಂಎಂ ಇಆರ್70ಎಸ್-6 ತಂತಿ ಹಾಕಿದ ದಿನ ಮಷಿನ್ನೇ ಬದಲಾದ ಹಾಗಿತ್ತು. ಆರ್ಗಾನ್ ಬೆರೆಸಿದ ಗ್ಯಾಸ್ ಹಾಕಿದರೆ ಕಿಡಿ ಇನ್ನೂ ಕಡಿಮೆಯಾಗುತ್ತದೆ. ಆದರೆ ಬೆಲೆ ಜಾಸ್ತಿ, ಮನೆ ಕೆಲಸಕ್ಕೆ ಬರೀ ಸಿಓಟು ಸಾಕು. ತಂತಿ ಬದಲಿಸಿದಾಗ ಪೊಲಾರಿಟಿಯನ್ನೂ ಬದಲಿಸಬೇಕು: ಗ್ಯಾಸ್ ತಂತಿಗೆ ಗನ್ (ಕೈಯಲ್ಲಿ ಹಿಡಿಯುವ, ತಂತಿ ಹೊರಬರುವ ಭಾಗ) ಪಾಸಿಟಿವ್, ಫ್ಲಕ್ಸ್ ತಂತಿಗೆ ಗನ್ ನೆಗೆಟಿವ್. ನನ್ನ ಮಷಿನ್‌ನ ಪುಸ್ತಕದಲ್ಲಿ ಇದು ಒಂದೇ ಒಂದು ಸಾಲು, ಅದೂ ಕೊನೆ ಪುಟದಲ್ಲಿ.

ಸಿಓಟು ಸಿಲಿಂಡರ್‌ನ ಮೀಟರ್ ನಂಬಿ ಕೂರಬೇಡಿ. ಒಳಗೆ ಗ್ಯಾಸ್ ದ್ರವವಾಗಿರುತ್ತದೆ. ಆ ದ್ರವ ಪೂರ್ತಿ ಮುಗಿಯುವ ತನಕ ಮುಳ್ಳು ಇಳಿಯುವುದೇ ಇಲ್ಲ. ಎಷ್ಟು ಉಳಿದಿದೆ ಅಂತ ತಿಳಿಯಲು ತಕ್ಕಡಿ ಮೇಲೆ ಇಟ್ಟು ತೂಗುವುದೊಂದೇ ದಾರಿ. ಸಿಲಿಂಡರ್ ಯಾವಾಗಲೂ ನಿಂತೇ ಇರಬೇಕು, ಚೈನ್ ಹಾಕಿ ಕಂಬಕ್ಕೆ ಕಟ್ಟಿರಬೇಕು.

ಬೆಂಗಳೂರಿನಲ್ಲಿ ಇನ್ನೊಂದು ಕಾಟ ಆಷಾಢದ ಗಾಳಿ. ನಮ್ಮ ಪೋರ್ಚಿಗೆ ಮೂರು ಕಡೆ ಬರೀ ಗ್ರಿಲ್. ಗಾಳಿ ಬೀಸಿದರೆ ವೆಲ್ಡ್ ಮೇಲಿನ ಗ್ಯಾಸ್ ಹಾರಿಹೋಗಿ ಬೀಡ್ (ವೆಲ್ಡ್ ಗೆರೆ) ತುಂಬ ಸಣ್ಣ ಸಣ್ಣ ತೂತು. ನೋಡಲು ಸೆಟ್ ದೋಸೆ ಮೇಲ್ಮೈ ಇದ್ದ ಹಾಗೆ ಇರುತ್ತದೆ. ಅದನ್ನು ಪೂರ್ತಿ ಉಜ್ಜಿ ತೆಗೆದು ಮತ್ತೆ ಹಾಕಬೇಕು. ನಿಮಿಷಕ್ಕೆ 10 ಲೀಟರ್ ಇದ್ದ ಗ್ಯಾಸನ್ನು 15ಕ್ಕೆ ಏರಿಸಿ, ಗಾಳಿ ಬರುವ ಕಡೆ ಟಾರ್ಪಾಲು ಕಟ್ಟಿದರೆ ನಡೆಯುತ್ತದೆ. ಹಾಗಂತ ಎಲ್ಲ ಕಡೆ ಮುಚ್ಚಬೇಡಿ. ಹೊಗೆ ಹೊರಗೆ ಹೋಗಲು ಒಂದು ಕಡೆ ಬಯಲಾಗಿರಲೇಬೇಕು.

ಮಷಿನ್‌ನ ನಿಜವಾದ ಪರೀಕ್ಷೆ ನಡೆದದ್ದು ಫ್ಲೋರಿನಲ್ಲಿ. ತುಕ್ಕು ಹಿಡಿದ ಭಾಗವನ್ನು ಹೊಳೆಯುವ ಲೋಹ ಸಿಗುವ ತನಕ ಕತ್ತರಿಸಿದೆ. ಜಿಪುಣತನ ಮಾಡಿ ಅರ್ಧ ತುಕ್ಕಿನ ಮೇಲೆ ತೇಪೆ ಹಾಕಿದರೆ ಎರಡು ಮಳೆಗಾಲಕ್ಕೆ ಅದು ಸುತ್ತ ಬಿಟ್ಟುಕೊಳ್ಳುತ್ತದೆ. ಹೊಸ ತುಂಡಿಗೆ 18 ಗೇಜ್ ಸಿಆರ್‌ಸಿಎ ಶೀಟು, ಅಂದರೆ 1.2 ಎಂಎಂ. ರಟ್ಟಿನಲ್ಲಿ ಅಳತೆ ಮಾಡಿ ಪೀಣ್ಯಕ್ಕೆ ಕೊಂಡುಹೋದರೆ ಬೆಂಡ್ ಮಾಡಿಕೊಡುತ್ತಾರೆ. ಸತು ಲೇಪಿಸಿದ ಜಿಐ ಶೀಟು ಅಗ್ಗ ಅಂತ ತರಬೇಡಿ. ಅದರ ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ.

ವೆಲ್ಡಿಂಗನ್ನು ಉದ್ದಕ್ಕೆ ಗೆರೆ ಎಳೆದ ಹಾಗೆ ಮಾಡುವಂತಿಲ್ಲ. ಎರಡು ತುಂಡಿನ ಮಧ್ಯೆ ಶೀಟಿನ ದಪ್ಪದಷ್ಟು ಸಂದು ಬಿಟ್ಟು, ಒಂದೊಂದು ಇಂಚಿಗೆ ಒಂದು ಟ್ಯಾಕ್, ಅಂದರೆ ಚುಕ್ಕೆಯಷ್ಟು ವೆಲ್ಡ್. ಇಲ್ಲೊಂದು ಹಾಕಿದರೆ ಮುಂದಿನದು ಆ ತುದಿಗೆ. ಮಧ್ಯೆ ಮಧ್ಯೆ ಕೈ ಇಟ್ಟರೆ ಸುಡದಷ್ಟು ತಣ್ಣಗಾಗಲು ಬಿಡಬೇಕು. ಮೈಸೂರು ರಸ್ತೆ ಕಡೆಯ ಹಿರಿಯ ಟಿಂಕರ್ ಒಬ್ಬರು ಇದನ್ನು ನನಗೆ ನಿಂತು ತೋರಿಸಿದರು. "ಶೀಟು ಬಿಸಿಯಾದ್ರೆ ಓಡುತ್ತೆ ಸಾರ್. ಅದು ಓಡೋಕ್ ಮುಂಚೆ ನೀವ್ ನಿಲ್ಸ್‌ಬೇಕು" ಅಂದರು. ಓಡುವುದು ಅಂದರೆ ಸೊಟ್ಟಗಾಗುವುದು. ಸಂದು ದೊಡ್ಡದಾದ ಕಡೆ ಹಿಂದೆ ಒಂದು ತಾಮ್ರದ ಪಟ್ಟಿ ಒತ್ತಿ ಹಿಡಿದರೆ ಸಾಕು. ವೆಲ್ಡ್ ತಾಮ್ರಕ್ಕೆ ಅಂಟುವುದಿಲ್ಲ, ಶಾಖವನ್ನೂ ಅದು ಎಳೆದುಕೊಳ್ಳುತ್ತದೆ, ತೂತು ತುಂಬುತ್ತದೆ. ಫ್ಯಾಕ್ಟರಿಯಲ್ಲಿ ಸ್ಪಾಟ್ ವೆಲ್ಡ್ ಇದ್ದ ಜಾಗಕ್ಕೆ ಮೇಲಿನ ಶೀಟಿನಲ್ಲಿ ಮಾತ್ರ ತೂತು ಕೊರೆದು, ಆ ತೂತನ್ನು ಕೆಳಗಿನ ಶೀಟಿನಿಂದ ಮೇಲಕ್ಕೆ ವೆಲ್ಡ್‌ನಿಂದ ತುಂಬಿಸಿಕೊಂಡು ಬಂದೆ. ಫ್ಲೋರು, ಕೆಳಪಟ್ಟಿ, ಲೋಡ್ ಬಾಡಿಯ ಮೂಲೆಗಳು ಎಲ್ಲ ಹೀಗೆಯೇ ಮುಗಿದವು. ಗಾಡಿ ಅದಾದ ಮೇಲೆ ಎರಡು ಮಳೆಗಾಲ ಕಂಡಿದೆ, ಒಂದು ಜಾಯಿಂಟೂ ಬಿಟ್ಟಿಲ್ಲ. ಈ ವಿಷಯದಲ್ಲಿ ಮಷಿನ್‌ಗೆ ಪೂರ್ತಿ ಅಂಕ.

ಬಾಗಿಲ ಹೊರ ಶೀಟಿನಲ್ಲಿ ಮಷಿನ್ ಸೋತಿತು. 35 ಆಂಪಿಯರ್‌ಗಿಂತ ಕೆಳಗೆ ಇಳಿಸಿದರೆ ಆರ್ಕ್ ನಿಲ್ಲುವುದಿಲ್ಲ, ಅದಕ್ಕಿಂತ ಮೇಲಾದರೆ ಆ ತೆಳು ಚಪ್ಪಟೆ ಶೀಟು ಅಲೆಯೇಳುತ್ತದೆ. ಅದೂ ಅಲ್ಲದೆ ಮಿಗ್ ಬೀಡ್ ಗಟ್ಟಿ, ಸುತ್ತಿಗೆಯಲ್ಲಿ ತಟ್ಟಿ ಸಮ ಮಾಡುವುದು ಕಷ್ಟ. ಹಳೆ ಟಿಂಕರ್‌ಗಳ ಗ್ಯಾಸ್ ವೆಲ್ಡಿಂಗ್ (ಕರೆಂಟಿಲ್ಲದೆ ಗ್ಯಾಸಿನ ಜ್ವಾಲೆಯಲ್ಲಿ ಮಾಡುವುದು) ಮೆತ್ತಗಿರುತ್ತದೆ. ಬಿಸಿಗೆ ಶೀಟು ಎದ್ದರೂ ಹಿಂದೆ ಡಾಲಿ (ಕಬ್ಬಿಣದ ಗಟ್ಟಿ) ಇಟ್ಟು ತಟ್ಟಿ ಮತ್ತೆ ಜಾಗಕ್ಕೆ ತರುತ್ತಾರೆ. ಎರಡೂ ಬಾಗಿಲನ್ನು ಬಿಚ್ಚಿ ಅದೇ ಹಿರಿಯರ ಹತ್ತಿರ ಕೊಟ್ಟೆ. ಅವರು ಕೊಟ್ಟ ಬಾಗಿಲಿಗೆ ಪುಟ್ಟಿ (ಬಣ್ಣಕ್ಕೆ ಮುಂಚೆ ಮೇಲ್ಮೈ ಸಮ ಮಾಡುವ ಲೇಪ) ಹಚ್ಚಿದ್ದು ತೀರಾ ತೆಳ್ಳಗೆ. ಇಂಥ ಕೈಕೆಲಸ ನಮ್ಮ ಊರಿನಲ್ಲಿ ಇನ್ನೂ ಸಿಗುತ್ತಿದೆ, ಅದಕ್ಕೆ ಕೇಳಿದಷ್ಟು ಕೂಲಿ ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ.

ರಿಪೇರಿ ಕಥೆ. ಮೊದಲ ವರ್ಷ ದಾಟಿದ ಮೇಲೆ ಗ್ಯಾಸ್ ವಾಲ್ವ್ ಕಚ್ಚಿಕೊಂಡಿತು. ಟ್ರಿಗರ್ ಒತ್ತಿದರೆ ತಂತಿ ಬರುತ್ತಿತ್ತು, ಗ್ಯಾಸ್ ಬರುತ್ತಿರಲಿಲ್ಲ. ಕಂಪನಿಯ ಸಹಾಯವಾಣಿಗೆ ಮಾಡಿದ ಫೋನುಗಳಿಂದ ಏನೂ ಆಗಲಿಲ್ಲ. ಕೊನೆಗೆ ಎಸ್‌ಪಿ ರೋಡ್ ಹತ್ತಿರ ಇನ್ವರ್ಟರ್ ಮಷಿನ್ ರಿಪೇರಿ ಮಾಡುವವರೊಬ್ಬರು ವಾಲ್ವ್ ಬದಲಿಸಿಕೊಟ್ಟರು. ಮಷಿನ್ ಬಿಚ್ಚಿದಾಗ ಅವರು ತೋರಿಸಿದ್ದು ಇನ್ನೂ ಮುಖ್ಯ. ಫ್ಯಾನ್ ಗಾಳಿಯ ಜೊತೆ ಗ್ರೈಂಡರ್‌ನ ಕಬ್ಬಿಣದ ಪುಡಿಯನ್ನೂ ಒಳಗೆ ಎಳೆಯುತ್ತದೆ. ಅದು ಬೋರ್ಡ್ ಮೇಲೆ ಕೂತರೆ ಶಾರ್ಟ್ ಆಗಿ ಮಷಿನ್ ಸತ್ತೇ ಹೋಗುತ್ತದೆ. ಈಗ ಗ್ರೈಂಡಿಂಗ್ ಇರುವಾಗ ಮಷಿನ್ ಆಫ್ ಆಗಿ, ಮೇಲೆ ಬಟ್ಟೆ ಹೊದ್ದು, ದೂರ ಕೂತಿರುತ್ತದೆ. ಆಗಾಗ ಬ್ಲೋವರ್ ಹಿಡಿದು ಊದುತ್ತೇನೆ.

ಕೊಳ್ಳುವವರು ಆಂಪಿಯರ್ ಸಂಖ್ಯೆ ನೋಡಿ ತೀರ್ಮಾನ ಮಾಡಬೇಡಿ. ಗಾಡಿಯ ತಗಡು ಕೆಲಸಕ್ಕೆ 200 ಆಂಪಿಯರ್ ಯಾರಿಗೂ ಬೇಡ. ಅತಿ ಕಡಿಮೆ ಎಷ್ಟಕ್ಕೆ ಇಳಿಯುತ್ತದೆ ಅಂತ ಕೇಳಿ, ಸಾಧ್ಯವಾದರೆ ಅಂಗಡಿಯಲ್ಲೇ ತೆಳು ಶೀಟಿನ ಮೇಲೆ ಓಡಿಸಿ ನೋಡಿ. ಗನ್ ಬಿಚ್ಚಿ ಹಾಕುವ ಯೂರೋ ಕನೆಕ್ಟರ್ ಇರಲೇಬೇಕು. ಮಷಿನ್‌ಗೇ ಅಂಟಿಕೊಂಡ ಗನ್ ಹಾಳಾದರೆ ಮುಂದೆ ಒದ್ದಾಟ. 15 ನಂಬರ್ ಗನ್ನಿನ ಟಿಪ್ಪು, ನಾಝಲ್ಲು ಎಸ್‌ಪಿ ರೋಡಿನಲ್ಲಿ ಸುಲಭವಾಗಿ ಸಿಗುತ್ತವೆ. 5 ಕೆಜಿ ಸುರುಳಿ ಹಿಡಿಸುವ ಜಾಗ ಇರಲಿ, ಒಂದು ಕೆಜಿಯ ಸುರುಳಿ ತೂಕದ ಲೆಕ್ಕದಲ್ಲಿ ದುಬಾರಿ. ತಂತಿ ತಳ್ಳುವ ಭಾಗ ಪ್ಲಾಸ್ಟಿಕ್ ಬದಲು ಲೋಹದ್ದಾದರೆ ಒಳ್ಳೆಯದು. ನನ್ನದರಲ್ಲಿ ಪ್ಲಾಸ್ಟಿಕ್, ಒತ್ತಡ ಆಗಾಗ ಸಡಿಲಾಗಿ ತಂತಿ ಜಾರುತ್ತದೆ. ತಂತಿಗೆ ಮಳೆಗಾಲದಲ್ಲಿ ತುಕ್ಕು ಬರುತ್ತದೆ. ಕೆಲಸವಿಲ್ಲದಾಗ ಗಾಳಿಯಾಡದ ಡಬ್ಬದಲ್ಲಿ ಇಡಿ.

ಗಾಡಿ ಮೇಲೆ ವೆಲ್ಡ್ ಮಾಡುವ ಮುಂಚೆ ಬ್ಯಾಟರಿ ನೆಗೆಟಿವ್ ಮತ್ತು ಆಲ್ಟರ್ನೇಟರ್ ವೈರ್ ಬಿಚ್ಚಿ. ಡೀಸೆಲ್ ಟ್ಯಾಂಕ್ ಹತ್ತಿರದ ಕೆಲಸವಾದರೆ ಟ್ಯಾಂಕನ್ನೇ ಇಳಿಸಿ. ಹಳೆ ಗಾಡಿಗಳ ಅಡಿಯಲ್ಲಿ ಡಾಂಬರಿನಂಥ ಕೋಟಿಂಗ್ ಇರುತ್ತದೆ, ಅದು ಒಳಗೊಳಗೇ ಹೊತ್ತಿಕೊಳ್ಳುತ್ತದೆ. ವೆಲ್ಡಿಂಗ್ ಮುಗಿದ ಮೇಲೂ ಅರ್ಧ ಗಂಟೆ ನೀರಿನ ಬಕೆಟ್ ಜೊತೆ ಅಲ್ಲೇ ಇರಿ. ಇನ್ನೊಂದು ಮಾತು, ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ: ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ಶೀಟು ಒರೆಸಿ ವೆಲ್ಡ್ ಮಾಡಬಾರದು. ಆ ಶಾಖಕ್ಕೆ ಅದರಿಂದ ಫಾಸ್ಜೀನ್ ಅನ್ನುವ ವಿಷದ ಗಾಳಿ ಹುಟ್ಟುತ್ತದೆ.

ಬದಲಾವಣೆ ಅಂತ ನಾನು ಮಾಡಿಸಿದ್ದು ಸ್ವಲ್ಪವೇ. ಲೋಡ್ ಬಾಡಿಯಲ್ಲಿ ಹೊನ್ನೆ ಮರದ ಪಟ್ಟಿ, ಸೀಟಿನ ಹಿಂದೆ ಟೂಲ್ ಬಾಕ್ಸ್. ಚಾಸಿ ಕತ್ತರಿಸಲು ಹೋಗಿಲ್ಲ, ಬಾಡಿಯ ಉದ್ದ ಅಗಲ ಮುಟ್ಟಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ, ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಬಣ್ಣ ಬದಲಿಸಿದರೆ ಆರ್‌ಟಿಓಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕು. ನಾನು ಹಳೆ ಬಿಳಿಯನ್ನೇ ಉಳಿಸಿಕೊಂಡೆ, ಆ ಗಾಡಿಗೆ ಅದೇ ಚೆಂದ ಅಲ್ವಾ?

ಇನ್ನು ಉಳಿದಿರುವುದು ಹಿಂದಿನ ಚಕ್ರದ ಮೇಲಿನ ಎರಡು ಕಮಾನು. ಅದರ ಶೀಟು ಬಾಗಿಲಿನಷ್ಟು ತೆಳುವಲ್ಲ, ಒಳಭಾಗವಾದ್ದರಿಂದ ಸಣ್ಣಪುಟ್ಟ ಅಲೆ ಎದ್ದರೂ ನಡೆಯುತ್ತದೆ. ಅಷ್ಟಕ್ಕೆ ಈ ಮಷಿನ್ ಸಾಕು. ಆಷಾಢದ ಗಾಳಿ ಇಳಿಯಲಿ ಅಂತ ಕಾಯುತ್ತಿದ್ದೇನೆ.