ಢಾಬಾ ಬೋರ್ಡಿಗೆ ಫ್ರೀ ಪಂಜಾಬಿ ಫಾಂಟ್: ಬಾಲೂ ಪಾಜಿ ಸೂಪರ್, ಆದ್ರೆ ಮೆನುಗೆ ಬೇಡ

ಮೊದಲೇ ಹೇಳ್ತೇನೆ, ಗುರುಮುಖಿ ಅಂದ್ರೆ ಪಂಜಾಬಿ ಲಿಪಿಯಲ್ಲಿ ಅಂಗಡಿ ಬೋರ್ಡ್ ಮಾಡ್ಲಿಕ್ಕೆ ಉಂಟಾದ್ರೆ ಕಣ್ಣು ಮುಚ್ಚಿ ಬಾಲೂ ಪಾಜಿ 2 ಇಳಿಸ್ಕೊಳ್ಳಿ. ನಮ್ಮಲ್ಲಿ ಯಾರಿಗೆ ಪಂಜಾಬಿ ಅಕ್ಷರ ಬೇಕು ಅಂತ ಕೇಳ್ಬೇಡಿ, ಪಣಂಬೂರು ಪೋರ್ಟಿಗೆ ಬರುವ ಲಾರಿಯವರುಂಟು, ಸುರತ್ಕಲ್ ಎನ್‌ಐಟಿಕೆ, ಮಣಿಪಾಲ ಅಂತ ಓದ್ಲಿಕ್ಕೆ ಬಂದ ಮಕ್ಕಳುಂಟು, ಹೈವೇ ಬದಿಯ ಢಾಬಾದವರೊಬ್ರು ಬೋರ್ಡ್, ಮೆನು ಎರಡಕ್ಕೂ ಕನ್ನಡ ಇಂಗ್ಲಿಷ್ ಜೊತೆ ಗುರುಮುಖಿ ಬೇಕೇ ಬೇಕು ಅಂದ್ರು, ಹಾಗಾಗಿ ಗೂಗಲ್ ಫಾಂಟ್ಸ್‌ನಲ್ಲಿ ಸಿಗುವ ಕೆಲವನ್ನು ಹಾಕಿ ನೋಡಿದ್ದು. ಇಲ್ಲಿ ಹೇಳಿದ್ದೆಲ್ಲ ಓಪನ್ ಫಾಂಟ್ ಲೈಸೆನ್ಸ್‌ನವು, ವ್ಯಾಪಾರದ ಕೆಲಸಕ್ಕೂ ಬಳಸ್ಬಹುದು, ಒಂದು ರೂಪಾಯಿ ಕೊಡ್ಬೇಕಾಗಿಲ್ಲ.

ಬಾಲೂ ಪಾಜಿ ನನಗೆ ಯಾಕೆ ಇಷ್ಟ ಅಂದ್ರೆ ಅದರ ಕನ್ನಡದ ತಮ್ಮ ಬಾಲೂ ತಮ್ಮ ನಮ್ಮ ಹತ್ರ ಮೊದ್ಲೇ ಉಂಟು, ಎರಡೂ ಮುಂಬೈಯ ಏಕ್ ಟೈಪ್‌ನವರು ಮಾಡಿದ್ದು, ಒಂದೇ ಬೋರ್ಡಲ್ಲಿ ಮೇಲೆ ಕೆಳಗೆ ಇಟ್ರೆ ಒಂದೇ ಮನೆಯವರ ಹಾಗೆ ಕಾಣ್ತವೆ. ದಪ್ಪ, ದುಂಡು, ಸ್ವಲ್ಪ ತಮಾಷೆಯ ಅಕ್ಷರ, ತಿಂಡಿ ಅಂಗಡಿಗೆ ಸರಿ. ಆದ್ರೆ ಒಂದು ವಿಷ್ಯ. ಗುರುಮುಖಿಯಲ್ಲಿ ಸ ಮತ್ತು ಮ ಹೆಚ್ಚುಕಮ್ಮಿ ಒಂದೇ ಆಕಾರ, ಸ ಅಕ್ಷರಕ್ಕೆ ತಲೆಗೆರೆ ಪೂರ್ತಿ ಮುಚ್ಚಿರ್ತದೆ, ಮ ಅಕ್ಷರಕ್ಕೆ ಮೇಲೆ ಬಾಯಿ ತೆರೆದಿರ್ತದೆ, ವ್ಯತ್ಯಾಸ ಅಷ್ಟೇ. ಯಾವ ಫಾಂಟೇ ಆಗ್ಲಿ ತೀರಾ ದಪ್ಪ ಮಾಡಿ ಸಣ್ಣ ಸೈಜಲ್ಲಿ ಪ್ರಿಂಟ್ ಹಾಕಿದ್ರೆ ಆ ಬಾಯಿ ಮುಚ್ಚಿ ಹೋಗುವ ಹೆದ್ರಿಕೆ. ಅದಕ್ಕೆ ನನ್ನ ಪರೀಕ್ಷೆ ಸಿಂಪಲ್, ಪ್ರತಿ ಫಾಂಟಲ್ಲೂ ಸಮೋಸಾ ಅಂತ ಬರೆದು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ ದೂರ ನಿಂತು ನೋಡುದು. ಎರಡೂ ಅಕ್ಷರ ಪಕ್ಕಪಕ್ಕ ಬರ್ತದಲ್ಲ, ಕೂಡ್ಲೇ ಗೊತ್ತಾಗ್ತದೆ. ದೊಡ್ಡ ಬೋರ್ಡಲ್ಲಿ ಬಾಲೂ ಪಾಜಿ ಪಾಸ್, ಮೆನುವಿನ ಸಣ್ಣ ಸಾಲಿಗೆ ಬೇಡವೇ ಬೇಡ.

ಮೆನುಗೆ ಮುಕ್ತ ಮಾಹಿ. ಶೋಕಿ ಇಲ್ಲ, ನೀಟಾಗಿ ಓದ್ಲಿಕ್ಕಾಗ್ತದೆ, ತೆಳುವಿನಿಂದ ದಪ್ಪದವರೆಗೆ 7 ತೂಕ ಉಂಟು, ಐಟಂ ಹೆಸರಿಗೊಂದು ರೇಟಿಗೊಂದು ಅಂತ ಆರಿಸ್ಕೊಳ್ಬಹುದು. ಲಸ್ಸಿ, ಮಕ್ಕಿ ಅಂತೆಲ್ಲ ಬರೆಯುವಾಗ ನಾವು ಒತ್ತು ಕೊಡ್ತೇವೆ, ಅವರು ಅಕ್ಷರದ ನೆತ್ತಿ ಮೇಲೆ ಅಡ್ಡಕ್ ಅಂತ ಒಂದು ಸಣ್ಣ ಬಟ್ಟಲು ಇಡ್ತಾರೆ, ಅದು ಇಲ್ಲಿ ಸಣ್ಣ ಸೈಜಲ್ಲೂ ಸ್ಪಷ್ಟ. ಅವರಿಗೆ ಒತ್ತು ಕಡಿಮೆ ಇರುವ ಕಾರಣ ಸಾಲಿನ ಕೆಳಗೆ ಜಾಗ ಅಷ್ಟು ಬೇಡ, ನಮಗೆ ಬೇಕು, ಎರಡು ಭಾಷೆಗೂ ಒಂದೇ ಗ್ಯಾಪ್ ಕೊಟ್ರೆ ಕನ್ನಡ ಉಸಿರು ಕಟ್ಟಿದ ಹಾಗೆ ಆಗ್ತದೆ, ಕನ್ನಡ ಸಾಲಿಗೆ ಗ್ಯಾಪ್ ಬೇರೆಯೇ ಕೊಡಿ.

ಇನ್ನು ಪ್ರೆಸ್ಸಿನವರ ಕಥೆ ಮಾರಾಯ್ರೆ. ಫಾಂಟ್ ಎಷ್ಟು ಒಳ್ಳೇದಿದ್ರೂ ಸಾಫ್ಟ್‌ವೇರ್ ಹಳತಾದ್ರೆ ಬಿರಿಯಾನಿ ಹಾಳು. ಗುರುಮುಖಿಯ ಹ್ರಸ್ವ ಇ ಚಿಹ್ನೆಗೆ ಸಿಹಾರಿ ಅಂತಾರೆ, ಟೈಪ್ ಮಾಡುದು ವ್ಯಂಜನ ಆದ ಮೇಲೆ, ಕಾಣ್ಬೇಕಾದ್ದು ವ್ಯಂಜನದ ಎಡಕ್ಕೆ. ಬಿರಿಯಾನಿಯಲ್ಲಿ ಅದು ಎರಡೆರಡು ಸಲ ಬರ್ತದೆ. ಫ್ಲೆಕ್ಸ್ ಅಂಗಡಿಯಲ್ಲಿ ಎರಡೂ ಬಲಕ್ಕೆ ಹೋಗಿ ಕೂತಿತ್ತು, ಅಲ್ಲಿಯ ಹುಡುಗ ನೋಡಿ "ಎಂತ ಅಣ್ಣ, ಸರಿಯೇ ಉಂಟಲ್ಲ" ಅಂತ ಕೇಳ್ತಾನೆ! ಹಳೇ ಫೋಟೋಶಾಪ್ ಆದ್ರೆ ಟೈಪ್ ಸೆಟ್ಟಿಂಗಲ್ಲಿ ವರ್ಲ್ಡ್ ರೆಡಿ ಲೇಔಟ್ ಆನ್ ಮಾಡ್ಬೇಕು, ನಮ್ಮ ಕನ್ನಡ ಒತ್ತಕ್ಷರಕ್ಕೂ ಇದೇ ಮದ್ದು. ಬೇರೆ ಕಡೆ ಪ್ರಿಂಟಿಗೆ ಕಳಿಸುದಾದ್ರೆ ಔಟ್‌ಲೈನ್ ಮಾಡಿ, ಅಂದ್ರೆ ಅಕ್ಷರವನ್ನು ಚಿತ್ರದ ಹಾಗೆ ಗೆರೆಯಾಗಿ ಬದಲಿಸಿ ಪಿಡಿಎಫ್ ಕೊಡಿ, ಓದ್ಲಿಕ್ಕೆ ಬರುವ ಒಬ್ರಿಗೆ ತೋರಿಸಿಯೇ ಕಳಿಸಿ.

ರೇಡಿಯಂ ಕಟಿಂಗ್ ಮಾಡಿಸುವವ್ರಿಗೆ ಇನ್ನೊಂದು. ಶಾಹಿ ಪನೀರಿನ ಶ ಅಂದ್ರೆ ಸ ಅಕ್ಷರದ ಕಾಲಿಗೆ ಒಂದು ಚುಕ್ಕಿ. ತೆಳು ಫಾಂಟಲ್ಲಿ ಸಣ್ಣದಾಗಿ ಕಟ್ ಮಾಡಿದ್ರೆ ಸ್ಟಿಕ್ಕರ್ ಬಿಡಿಸುವಾಗ ಆ ಚುಕ್ಕಿ ಕೈಗೆ ಅಂಟಿ ಬರ್ತದೆ, ಆಮೇಲೆ ಗಾಜಿನ ಮೇಲೆ ಉಳಿಯುದು ಸಾಹಿ ಪನೀರ್.

ಬೋರ್ಡಲ್ಲಿ ಜಾಗ ಕಮ್ಮಿ ಇದ್ರೆ ಅನೇಕ್ ಗುರುಮುಖಿ ನೋಡಿ. ಬೋರ್ಡಿನ ಕನ್ನಡದ ಬಗ್ಗೆ ಇರುವ ಕರ್ನಾಟಕದ ಕಾನೂನಿಗೆ 2024ರಲ್ಲಿ ತಿದ್ದುಪಡಿ ಆದ ಮೇಲೆ 60 ಪರ್ಸೆಂಟ್ ಕನ್ನಡ ಇರ್ಲೇಬೇಕು, ಅದೂ ಮೇಲ್ಗಡೆ, ಉಳಿದದ್ರಲ್ಲಿ ಇಂಗ್ಲಿಷೂ ಬೇಕು ಪಂಜಾಬಿಯೂ ಬೇಕು ಅಂದ್ರೆ ಎಲ್ಲಿಗೆ ಹೋಗುದು? ಅನೇಕ್‌ನಲ್ಲಿ ಅಕ್ಷರದ ಅಗಲವನ್ನೇ ಕುಗ್ಗಿಸ್ಬಹುದು, ಎಳೆದು ಜಜ್ಜಿದ ಹಾಗೆ ಕಾಣುದಿಲ್ಲ, ಅನೇಕ್ ಕನ್ನಡವೂ ಉಂಟು.

ಅಲಂಕಾರಕ್ಕೆ? ಲಂಗರ್ ಅಂತ ಒಂದುಂಟು, ಟೀ ಶರ್ಟು, ಮೊಬೈಲ್ ಕವರಿಗೆ ಚಂದ, ಒಂದೇ ತೂಕ, ಕನ್ನಡ ಜೋಡಿ ಇಲ್ಲ. ಮದುವೆ ಕಾಗದಕ್ಕೆ ಟೀರೋ ಗುರುಮುಖಿ ಹಾಕಿ, ಗಂಭೀರ ಅಕ್ಷರ, ಟೀರೋ ಕನ್ನಡ ಜೊತೆಗಿಟ್ರೆ ಮಂಗಳೂರು ಹುಡುಗಿ ಲೂಧಿಯಾನಾ ಹುಡುಗನ ಇನ್ವಿಟೇಶನ್ ರೆಡಿ. ಲಾರಿ ಹಿಂದೆ ಶ್ಯಾಡೋ ಕೊಟ್ಟು ಕೈಯಲ್ಲಿ ಬರೆದಿರ್ತಾರಲ್ಲ ಆ ಗತ್ತು ಮಾತ್ರ ಇವು ಯಾವುದ್ರಲ್ಲೂ ಇಲ್ಲ, ಅದು ಬೇಕಾದ್ರೆ ಪೇಂಟರನ್ನೇ ಹಿಡೀಬೇಕು.

ಮೇಲೆ ಇಡುವ ಏಕ್ ಓಂಕಾರ್ ಅನ್ನುವ ಸಿಖ್ಖರ ಪವಿತ್ರ ಚಿಹ್ನೆಗೆ ಯೂನಿಕೋಡಲ್ಲಿ ಪ್ರತ್ಯೇಕ ಅಕ್ಷರವೇ ಉಂಟು, ಬಿಡಿಬಿಡಿಯಾಗಿ ಜೋಡಿಸ್ಲಿಕ್ಕೆ ಹೋಗ್ಬೇಡಿ. ಢಾಬಾದ ಪಾಜಿ (ಪಂಜಾಬಿಯಲ್ಲಿ ಅಣ್ಣ) ಅದನ್ನು ಮೆನು, ಟಿಶ್ಯೂ, ಪಾರ್ಸೆಲ್ ಕವರ್ ಯಾವುದ್ರಲ್ಲೂ ಹಾಕ್ಬೇಡಿ, ಅವೆಲ್ಲ ತಿಂದು ಬಿಸಾಡುವ ವಸ್ತುಗಳು ಅಂದ್ರು, ಗಲ್ಲಾದ ಹಿಂದಿನ ಗೋಡೆಗೆ ಮಾತ್ರ ಮಾಡಿ ಕೊಟ್ಟದ್ದು.

ಹಾಂ, ಪಂಜಾಬಿನಿಂದ ಯಾರಾದ್ರೂ ಹಳೇ ಫೈಲ್ ಕಳಿಸಿ ಅದ್ರಲ್ಲಿ ಬರೀ ಇಂಗ್ಲಿಷ್ ಅಕ್ಷರ ಚೆಲ್ಲಾಪಿಲ್ಲಿ ಕಂಡ್ರೆ ವೈರಸ್ ಅಂತ ಡಿಲೀಟ್ ಮಾಡ್ಬೇಡಿ. ಅನ್ಮೋಲ್ ಲಿಪಿ ತರದ ಹಳೇ ಫಾಂಟ್ ಇರ್ಬೇಕು, ನಮ್ಮ ಹಳೇ ನುಡಿ ಫೈಲಿನ ಕಥೆಯೇ, ಯೂನಿಕೋಡಿಗೆ ತಿರುಗಿಸುವ ಕನ್ವರ್ಟರ್ ಆನ್‌ಲೈನಲ್ಲಿ ಸಿಗ್ತದೆ.