ಲಿವರ್ ಆಪರೇಷನ್ ಬೇಕಾ ಬೇಡ್ವಾ ಅಂತ ಕೇಳೋಕೆ ಹೋದ ಸೆಕೆಂಡ್ ಒಪೀನಿಯನ್ ಕ್ಲಿನಿಕ್, 5ಕ್ಕೆ 4 ಸ್ಟಾರ್

ಅಕ್ಕಂಗೆ ಬ್ರೆಸ್ಟ್ ಕ್ಯಾನ್ಸರ್ ಟ್ರೀಟ್‌ಮೆಂಟ್ ಮುಗಿದು ನಾಲ್ಕು ವರ್ಷ ಆಗಿತ್ತು, ಇನ್ನೇನು ಎಲ್ಲಾ ಸರಿಹೋಯ್ತು ಅಂತ ಉಸಿರು ಬಿಡ್ತಿದ್ವಿ, ಅಷ್ಟರಲ್ಲಿ ಸ್ಕ್ಯಾನ್‌ನಲ್ಲಿ ಲಿವರ್ ಮೇಲೆ ಎರಡು ಗಡ್ಡೆ ಕಾಣಿಸ್ತು. ಮೊದ್ಲು ತೋರಿಸಿದ ಕಡೆ ಐದೇ ನಿಮಿಷ ಮಾತಾಡಿ "ಆ ಭಾಗ ತೆಗೆದ್ಬಿಡೋಣ, ಮುಂದಿನ ವಾರ ಅಡ್ಮಿಟ್ ಆಗಿ" ಅಂದ್ರು. ಗಡ್ಡೆಯ ಚೂರು ತೆಗೆದು ಪರೀಕ್ಷೆ ಮಾಡೋ ಬಯಾಪ್ಸಿ ಕೂಡ ಮಾಡಿರ್ಲಿಲ್ಲ. ಅಕ್ಕ ಒಪ್ಕೊಂಡೇ ಬಿಟ್ಟಿದ್ಲು, ನಂಗೇ ಯಾಕೋ ಮನಸ್ಸು ಒಪ್ಲಿಲ್ಲ, ಅದಕ್ಕೆ ಇಲ್ಲಿಗೆ ಕರ್ಕೊಂಡ್ ಬಂದೆ.

ಇಲ್ಲಿ ಲಿವರ್ ಸರ್ಜನ್, ಕೀಮೋ ಕೊಡೋ ಆಂಕಾಲಜಿಸ್ಟ್, ಸ್ಕ್ಯಾನ್ ನೋಡೋ ಡಾಕ್ಟ್ರು ಮೂರೂ ಜನ ಒಟ್ಟಿಗೆ ಕೂತಿರ್ತಾರೆ. ರಿಪೋರ್ಟ್ ಎಲ್ಲಾ ಮುಂಚೆನೇ ಕಳಿಸಬೇಕು. ನಾವು ಒಳಗೆ ಹೋದಾಗ ಅಕ್ಕನ ಹಳೇ ಫೈಲ್ ಓದ್ಕೊಂಡೇ ಕೂತಿದ್ರು, ನಾವು ಮತ್ತೆ ಮೊದಲಿಂದ ಕಥೆ ಹೇಳೋ ಕಷ್ಟ ಇರ್ಲಿಲ್ಲ, ಇದೊಂದಕ್ಕೇ ಕೈಮುಗೀಬೇಕು ಅನ್ನಿಸ್ತು.

ಸರ್ಜನ್ ಒಂದು ಹಾಳೆ ತಗೊಂಡು ಚಿತ್ರ ಬರೆದು ಹೇಳಿದ್ದು ನಂಗೆ ಈಗ್ಲೂ ಕಣ್ಣಿಗೆ ಕಟ್ಟಿದಂಗಿದೆ. ದೊಡ್ಡ ಕರುಳಿನ ರಕ್ತ ಪೋರ್ಟಲ್ ರಕ್ತನಾಳದಲ್ಲಿ ನೇರವಾಗಿ ಲಿವರ್‌ಗೇ ಬರುತ್ತಂತೆ, ಹಾಗಾಗಿ ಕರುಳಿನ ಕ್ಯಾನ್ಸರ್ ಮೊದ್ಲು ಇಳಿಯೋದು ಅಲ್ಲೇ, ಅಲ್ಲಷ್ಟೇ ಇದ್ರೆ ಕತ್ತರಿಸಿ ತೆಗೆದು ಎಷ್ಟೋ ಜನ ಚೆನ್ನಾಗಾಗಿದ್ದಾರೆ. ಆದ್ರೆ ಸ್ತನದಿಂದ ಹೊರಟ ಕ್ಯಾನ್ಸರ್ ಕಣ ಹೃದಯ, ಶ್ವಾಸಕೋಶ ಎಲ್ಲಾ ದಾಟಿ ಇಡೀ ಮೈಯ ರಕ್ತದಲ್ಲಿ ಸುತ್ತಿ ಆಮೇಲೆ ಲಿವರ್ ಸೇರಿರುತ್ತೆ, ಅಂದ್ರೆ ಮೂಳೆಯಲ್ಲೋ ಇನ್ನೆಲ್ಲೋ ಸ್ಕ್ಯಾನ್‌ಗೆ ಸಿಗದಷ್ಟು ಸಣ್ಣ ಕಣಗಳು ಕೂತಿರೋ ಸಾಧ್ಯತೆ ಇರುತ್ತೆ. ಲಿವರ್ ಗಡ್ಡೆ ತೆಗೆದ್ರೆ ಅವೇನೂ ಹೋಗಲ್ಲ.

ಅಕ್ಕ ಮೆಲ್ಲಗೆ ಕೇಳಿದ್ಲು, "ಆಪರೇಷನ್ ಮಾಡಿಸಿದ್ರೆ ಇನ್ನೂ ಹರಡುತ್ತಾ ಡಾಕ್ಟ್ರೇ?"

ಅವ್ರು ಹಾರಿಕೆ ಉತ್ತರ ಕೊಡ್ಲಿಲ್ಲ. "ನೋಡಿ ಅಮ್ಮ, ಲಿವರ್ ಒಂದು ಭಾಗ ತೆಗೆದ್ರೆ ಉಳಿದಿದ್ದು ಕೆಲವೇ ವಾರದಲ್ಲಿ ಮತ್ತೆ ಬೆಳೆಯುತ್ತೆ, ಬೆಳೆಯೋಕೆ ಅಂತ ಮೈ ಕೆಲವು ರಾಸಾಯನಿಕ ಬಿಡುತ್ತೆ, ಇಲಿಗಳಲ್ಲಿ ನೋಡಿದಾಗ ಉಳಿದಿದ್ದ ಕ್ಯಾನ್ಸರ್ ಕಣಗಳೂ ಅದರಿಂದ ಚುರುಕಾಗಿದ್ದು ಕಂಡಿದೆ, ಮನುಷ್ಯರಲ್ಲಿ ಹಾಗೇ ಆಗುತ್ತೆ ಅಂತ ಸಾಬೀತಾಗಿಲ್ಲ. ಚಾಕು ತಾಗಿದ್ರೆ ಹರಡುತ್ತೆ ಅಂತ ಹೆದರ್ಕೋಬೇಡಿ. ನನ್ನ ಚಿಂತೆ ಬೇರೆ, ಆಪರೇಷನ್‌ಗೋಸ್ಕರ ಕ್ಯಾನ್ಸರ್ ಔಷಧಿನ ಕೆಲವು ವಾರ ತಡೆಹಿಡಿಯಬೇಕಾಗುತ್ತೆ, ಮೈಯೆಲ್ಲಾ ಕಾಯೋದು ಔಷಧಿನೇ" ಅಂದ್ರು.

ಆಂಕಾಲಜಿಸ್ಟ್ ಮೇಡಂ ಇನ್ನೊಂದು ವಿಷಯ ಸೇರಿಸಿದ್ರು. ಲಿವರ್ ಆಪರೇಷನ್ ಆದವರು ಹೆಚ್ಚು ದಿನ ಬದುಕಿದ್ದಾರೆ ಅಂತ ಪೇಪರ್‌ಗಳಿವೆಯಂತೆ, ಆದ್ರೆ ಅದರಲ್ಲಿ ಹೆಚ್ಚಿನವು ಹಳೇ ದಾಖಲೆ ತೆಗೆದು ನೋಡಿದ್ದು, ಆಪರೇಷನ್‌ಗೆ ಆರಿಸಿದ್ದೇ ಒಂದೆರಡು ಗಡ್ಡೆ ಇದ್ದು ಔಷಧಿಗೆ ಚೆನ್ನಾಗಿ ಬಗ್ಗಿದವರನ್ನ, ಅವರು ಹೇಗಿದ್ರೂ ಚೆನ್ನಾಗಿರ್ತಿದ್ರೇನೋ. ಹರಡಿದ ಮೇಲೆ ಸ್ತನದ ಮೂಲ ಗಡ್ಡೆ ತೆಗೆದ್ರೆ ಲಾಭ ಇದ್ಯಾ ಅಂತ ಮುಂಬೈ ಟಾಟಾ ಮೆಮೋರಿಯಲ್‌ನವರು 350 ಹೆಂಗಸರಲ್ಲಿ ನೋಡಿ 2015ರಲ್ಲಿ ಪ್ರಕಟಿಸಿದ್ರು, ಆಯಸ್ಸು ಹೆಚ್ಚಾಗ್ಲಿಲ್ಲ. ಅದು ಲಿವರ್ ವಿಷಯ ಅಲ್ಲ, ಆದ್ರೂ ಗಡ್ಡೆ ತೆಗೆದ್ರೆ ರೋಗ ಹೋಯ್ತು ಅನ್ನೋ ಲೆಕ್ಕ ಅಷ್ಟು ಸುಲಭ ಅಲ್ಲ ಅಂತ ನಂಗೆ ಅಲ್ಲೇ ಅರ್ಥ ಆಯ್ತು.

ಮೊದ್ಲು ಬಯಾಪ್ಸಿ ಮಾಡಿ ಅಂದ್ರು, ಯಾಕಂದ್ರೆ ಲಿವರ್‌ನಲ್ಲಿ ಕಾಣೋದೆಲ್ಲಾ ಕ್ಯಾನ್ಸರ್ ಆಗಿರಲ್ಲ, ಆಗಿದ್ರೂ ಯಾವ ಔಷಧಿ ಕೆಲಸ ಮಾಡುತ್ತೆ ಅಂತ ಹೇಳೋ ಹಾರ್ಮೋನ್ ರಿಸೆಪ್ಟರ್, ಹರ್-2 ಅನ್ನೋ ಕ್ಯಾನ್ಸರ್ ಕಣದ ಪ್ರೋಟೀನ್‌ಗಳು ಹಳೇದರ ಥರಾನೇ ಇರುತ್ತೆ ಅಂತ ಗ್ಯಾರಂಟಿ ಇಲ್ಲ. ಅಕ್ಕಂದು ಕ್ಯಾನ್ಸರೇ ಅಂತ ಬಂತು, ಹಾರ್ಮೋನ್ ಪಾಸಿಟಿವ್, ಅಂದ್ರೆ ಹಾರ್ಮೋನ್‌ನಿಂದ ಬೆಳೆಯೋ ಥರದ್ದು. ಕೀಮೋನೂ ಈಗ ಬೇಡ ಅಂದು ಹಾರ್ಮೋನ್ ಮಾತ್ರೆ ಜೊತೆಗೆ ಕ್ಯಾನ್ಸರ್ ಕಣ ಒಡೆದು ಹೆಚ್ಚಾಗೋಕೆ ಬೇಕಾದ ಸಿಡಿಕೆ 4/6 ಅನ್ನೋ ಪ್ರೋಟೀನ್‌ಗಳನ್ನ ತಡೆಯೋ ಮಾತ್ರೆ ಶುರು ಮಾಡಿದ್ರು, ಮೂರು ತಿಂಗಳ ಸ್ಕ್ಯಾನ್‌ನಲ್ಲಿ ಎರಡೂ ಗಡ್ಡೆ ಸಣ್ಣಗಾಗಿವೆ. ಆಪರೇಷನ್ ಬಾಗಿಲು ಮುಚ್ಚಿಲ್ಲ, ಬೇರೆ ಕಡೆ ಏನೂ ಕಾಣಿಸ್ಕೊಳ್ದೆ ಹೀಗೇ ಇದ್ರೆ ಮುಂದೆ ಕತ್ತರಿಸೋದೋ ಅಥವಾ ಸೂಜಿ ಹಾಕಿ ಸುಡೋದೋ ಯೋಚ್ನೆ ಮಾಡೋಣ ಅಂದಿದ್ದಾರೆ.

ಒಂದು ಸ್ಟಾರ್ ಕಮ್ಮಿ ಕೊಟ್ಟಿದ್ದು ಇದಕ್ಕೆ: ಕೊಟ್ಟ ಟೈಮಿಗಿಂತ ಎರಡು ಗಂಟೆ ಲೇಟು, ಅಷ್ಟು ಹೊತ್ತು ಆ ಬೆಂಚ್ ಮೇಲೆ ಅಕ್ಕ ನನ್ನ ಕೈ ಬಿಟ್ಟಿರ್ಲಿಲ್ಲ. ಬರವಣಿಗೆಯಲ್ಲಿ ಅಭಿಪ್ರಾಯ ಬರೋಕೆ ಒಂಬತ್ತು ದಿನ ಆಯ್ತು, ಇಂಥ ಕಾಯಿಲೆಗೆ ಒಂಬತ್ತು ದಿನ ಅಂದ್ರೆ ಕಮ್ಮಿ ಅಲ್ಲ. ಜೊತೆಗೆ ಒಬ್ಬರನ್ನೇ ಒಳಗೆ ಬಿಡ್ತಾರೆ, ಪಾಪ ಭಾವ ಇಷ್ಟೂ ಹೊತ್ತು ಹೊರಗಡೆ ನಿಂತಿದ್ರು. ಮುಂದಿನ ಸ್ಕ್ಯಾನ್ ರಿಪೋರ್ಟ್ ತಗೊಂಡು ಮತ್ತೆ ಇಲ್ಲಿಗೇ ಹೋಗ್ತೀವಿ, ಈ ಸಲ ಭಾವನ್ನೂ ಒಳಗೆ ಬಿಡಿ ಅಂತ ಮೊದ್ಲೇ ಫೋನ್ ಮಾಡಿ ಕೇಳಿದೀನಿ.