ಅತಿಶೀತದ ಗಾಜಿಗೆ ಯಾವ ಆಲ್ಕೋಹಾಲ್? ಪ್ರಯೋಗಾಲಯದ ಬಾಟಲಿಗಳ ವಿಮರ್ಶೆ

ಅತಿಶೀತದಲ್ಲಿ ಉಷ್ಣಗುಣಗಳನ್ನು ಅಳೆಯಲು ಹೊರಟವರು ಕ್ಯಾಲೊರಿಮೀಟರಿನ ಆಯ್ಕೆಗೆ ಎಷ್ಟು ತಲೆ ಕೆಡಿಸಿಕೊಳ್ಳುತ್ತಾರೋ ಅಷ್ಟೇ ಕಾಳಜಿಯನ್ನು ಮಾದರಿಯ ಆಯ್ಕೆಗೂ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರಯೋಗಾಲಯ ದರ್ಜೆಯ ಎಥನಾಲ್, ಎರಡು ಬಗೆಯ ಪ್ರೊಪನಾಲ್, ಬ್ಯುಟನಾಲ್‌ಗಳು ಮತ್ತು ಗ್ಲಿಸರಾಲ್ ಇವುಗಳನ್ನು ಇಲ್ಲಿ ಗಾಜಿನ, ಅಂದರೆ ಸ್ಫಟಿಕವಾಗದೆ ಅಣುಗಳು ಅಸ್ತವ್ಯಸ್ತವಾಗಿಯೇ ಗಟ್ಟಿಯಾದ ದ್ರವದ, ಮಾದರಿಗಳಾಗಿ ಮಾತ್ರ ಪರಿಶೀಲಿಸಿದ್ದೇನೆ. ದ್ರಾವಕಗಳಾಗಿ ಅವು ಹೇಗೆ ಎಂಬುದು ಬೇರೆಯೇ ವಿಷಯ.

ಮಾದರಿಯಿಂದ ನಾವು ನಿರೀಕ್ಷಿಸಬೇಕಾದದ್ದು ಏನು? ಗಾಜುಗಳ ವಿಶಿಷ್ಟೋಷ್ಣವು (ಒಂದು ಗ್ರಾಂ ವಸ್ತುವಿನ ತಾಪವನ್ನು ಒಂದು ಡಿಗ್ರಿ ಏರಿಸಲು ಬೇಕಾದ ಉಷ್ಣ) 1 ಕೆಲ್ವಿನ್‌ಗಿಂತ ಕೆಳಗೆ ಸ್ಫಟಿಕಗಳಲ್ಲಿರುವಂತೆ ತಾಪದ ಘನಕ್ಕೆ (ಮೂರನೆಯ ಘಾತಕ್ಕೆ) ಅನುಗುಣವಾಗಿ ಇಳಿಯದೆ, ಹೆಚ್ಚುಕಡಿಮೆ ತಾಪಕ್ಕೇ ಅನುಪಾತದಲ್ಲಿರುತ್ತದೆ ಎಂದು ಭೌತವಿಜ್ಞಾನಿಗಳಾದ ಝೆಲ್ಲರ್ ಮತ್ತು ಪೋಲ್ 1971ರಲ್ಲಿ ತೋರಿಸಿದರು. ಅದಕ್ಕೂ ಮೇಲೆ, ಕೆಲವು ಕೆಲ್ವಿನ್‌ಗಳ ವಲಯದಲ್ಲಿ, ವಿಶಿಷ್ಟೋಷ್ಣವನ್ನು ತಾಪದ ಘನದಿಂದ ಭಾಗಿಸಿ ನಕ್ಷೆ ಬರೆದರೆ ಬೋಸಾನ್ ಶೃಂಗ ಎಂದು ಕರೆಯುವ ಉಬ್ಬೊಂದು ಕಾಣುತ್ತದೆ. ಉಷ್ಣವಾಹಕತೆಯ ರೇಖೆಯೂ ಸರಿಸುಮಾರು ಇದೇ ವಲಯದಲ್ಲಿ ಏರುವುದನ್ನು ಬಿಟ್ಟು ಸಮತಟ್ಟಾಗುತ್ತದೆ. ಈ ಲಕ್ಷಣಗಳು ಬಹುಪಾಲು ಎಲ್ಲ ಗಾಜುಗಳಿಗೂ ಸಮಾನವಾದರೂ ಶೃಂಗ ಎಲ್ಲಿ ಬೀಳುತ್ತದೆ, ಎಷ್ಟು ಎತ್ತರವಿರುತ್ತದೆ ಎಂಬುದನ್ನು ನಿರ್ಧರಿಸುವುದು ಅಣು. ಅಣುವಿನಲ್ಲಿ ಒಂದೇ ಒಂದು ಸಂಗತಿಯನ್ನು ಬದಲಿಸಿ ಅದರ ಪರಿಣಾಮವನ್ನು ನೋಡುವ ಅವಕಾಶ ಕೊಡುವ ಮಾದರಿಯೇ ಒಳ್ಳೆಯ ಮಾದರಿ, ಮತ್ತು ಆಲ್ಕೋಹಾಲ್‌ಗಳು ಈ ಅವಕಾಶವನ್ನು ಧಾರಾಳವಾಗಿ ಕೊಡುತ್ತವೆ.

ಮೊದಲ ಸ್ಥಾನವನ್ನು ನಾನು 1-ಪ್ರೊಪನಾಲ್ ಮತ್ತು 2-ಪ್ರೊಪನಾಲ್‌ಗಳ ಜೋಡಿಗೆ ಕೊಡುತ್ತೇನೆ. ಎರಡರಲ್ಲಿಯೂ ಇರುವುದು ಮೂರು ಕಾರ್ಬನ್, ಎಂಟು ಹೈಡ್ರೋಜನ್, ಒಂದು ಆಕ್ಸಿಜನ್. ಒಂದರಲ್ಲಿ ಹೈಡ್ರಾಕ್ಸಿಲ್ ಗುಂಪು (ಆಕ್ಸಿಜನ್-ಹೈಡ್ರೋಜನ್ ಜೋಡಿ) ಸರಪಳಿಯ ತುದಿಯಲ್ಲಿದ್ದರೆ ಇನ್ನೊಂದರಲ್ಲಿ ನಡುವಿನ ಕಾರ್ಬನ್ನಿಗೆ ಅಂಟಿಕೊಂಡಿದೆ, ಅಷ್ಟೇ. ಆದರೆ ಮೊದಲನೆಯದು ಸುಮಾರು 98 ಕೆಲ್ವಿನ್‌ನಲ್ಲಿ ಗಾಜಾದರೆ ಎರಡನೆಯದು ಸುಮಾರು 115 ಕೆಲ್ವಿನ್‌ನಲ್ಲಿಯೇ ಗಾಜಾಗುತ್ತದೆ. ಗಾಜಾಗುವ ತಾಪ ಹೆಚ್ಚಿರುವುದರಿಂದ ಬೋಸಾನ್ ಶೃಂಗವೂ ಮೇಲಿನ ತಾಪಕ್ಕೆ ಸರಿಯಬೇಕು ಎಂದು ಯಾರಾದರೂ ಊಹಿಸಬಹುದು, ಆದರೆ ಆಗುವುದು ತದ್ವಿರುದ್ಧ: 1-ಪ್ರೊಪನಾಲ್‌ನ ಶೃಂಗ 7 ಕೆಲ್ವಿನ್‌ಗೆ ಸಮೀಪವಿದ್ದರೆ 2-ಪ್ರೊಪನಾಲ್‌ನದು 5 ಕೆಲ್ವಿನ್ ಹತ್ತಿರಕ್ಕೆ ಇಳಿಯುತ್ತದೆ. ಎಥನಾಲ್‌ನ ಶೃಂಗ 6 ಕೆಲ್ವಿನ್ ಆಸುಪಾಸಿನಲ್ಲಿರುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಸರಪಳಿಗೆ ಒಂದು ಕಾರ್ಬನ್ ಸೇರಿಸುವುದಕ್ಕಿಂತ ಹೈಡ್ರಾಕ್ಸಿಲ್ ಗುಂಪನ್ನು ಒಂದು ಕಾರ್ಬನ್ ಆಚೆ ಸರಿಸುವುದೇ ದೊಡ್ಡ ಬದಲಾವಣೆ ಎಂಬುದು ಸ್ಪಷ್ಟವಾಗುತ್ತದೆ. ಹೈಡ್ರೋಜನ್ ಬಂಧಗಳ ಮೂಲಕ ಅಣುಗಳು ಸಾಲುಗಟ್ಟುವಾಗ 2-ಪ್ರೊಪನಾಲ್‌ನಲ್ಲಿ ಎರಡೂ ಬದಿಯ ಮೀಥೈಲ್ ಗುಂಪುಗಳು ಅಡ್ಡಬರುತ್ತವೆ, ಜೋಡಣೆಯ ಬಗೆಯೇ ಬೇರೆಯಾಗುತ್ತದೆ. ಈ ಜೋಡಿಯನ್ನು ಅಳೆದವರಿಗೆ ಅಣುರಚನೆಯ ಪ್ರಭಾವವನ್ನು ಬೇರೆ ಪುರಾವೆಗಳಿಂದ ಒಪ್ಪಿಸಬೇಕಾಗಿಲ್ಲ.

ಬಳಕೆಯ ದೃಷ್ಟಿಯಿಂದಲೂ 1-ಪ್ರೊಪನಾಲ್ ಬಹಳ ಸೌಮ್ಯ ಸ್ವಭಾವದ್ದು. ಅದನ್ನು ಗಾಜು ಮಾಡುವುದು ಕಷ್ಟವಲ್ಲ, ಸ್ಫಟಿಕ ಮಾಡುವುದೇ ಕಷ್ಟ. ಹೋಲಿಕೆಗೆ ಸ್ಫಟಿಕವೂ ಬೇಕೆಂದರೆ ಗಾಜಾಗುವ ತಾಪಕ್ಕಿಂತ ಮೇಲೆ ಬಹಳ ಹೊತ್ತು ಕಾಯಬೇಕಾಗುತ್ತದೆ. 2-ಪ್ರೊಪನಾಲ್ ಇದಕ್ಕಿಂತ ಬೇಗ ಮಣಿಯುತ್ತದೆ. ದ್ರವ ನೈಟ್ರೋಜನ್ ತಾಪಕ್ಕೆ ಇಳಿಸಿದ ಪಾರದರ್ಶಕ ಗಾಜಿನಲ್ಲಿ ಕುಗ್ಗುವಿಕೆಯಿಂದ ಬಿರುಕುಗಳ ಜಾಲ ಮೂಡುತ್ತದೆ. ಮತ್ತೆ ಬಿಸಿಮಾಡಿದಾಗ ಗಾಜು ಮೆತ್ತಗಾಗಿ ಬಿರುಕುಗಳು ಕೂಡಿಕೊಳ್ಳುತ್ತವೆ, ಇನ್ನಷ್ಟು ಮೇಲೆ ಹೋದರೆ ಇಡೀ ಮಾದರಿ ಬೆಳ್ಳಗಾಗಿ ಸ್ಫಟಿಕವಾಗುತ್ತದೆ. ವಿಶಿಷ್ಟೋಷ್ಣದ ಮಾಪನಕ್ಕೆ ಈ ಬಿರುಕುಗಳಿಂದ ದೊಡ್ಡ ತೊಂದರೆಯಿಲ್ಲ, ಆದರೆ ಉಷ್ಣವಾಹಕತೆಯನ್ನು ಅಳೆಯುವವರು ಅವುಗಳನ್ನು ಕಡೆಗಣಿಸುವಂತಿಲ್ಲ.

ಎಥನಾಲ್ ಎರಡನೆಯ ಸ್ಥಾನದಲ್ಲಿದೆ, ಅದೂ ಕೂದಲೆಳೆಯ ಅಂತರದಲ್ಲಿ. ವೇಗವಾಗಿ ತಣಿಸಿದರೆ ಅದು ನಿಜವಾದ ಗಾಜಾಗುತ್ತದೆ. ನಿಧಾನವಾಗಿ ತಣಿಸಿದರೆ ಅಣುಗಳ ಕೇಂದ್ರಗಳು ಘನಾಕೃತಿಯ ಜಾಲದಲ್ಲಿ ಕ್ರಮವಾಗಿ ನಿಂತು ಅವುಗಳ ದಿಕ್ಕುಗಳು ಮಾತ್ರ ಅಸ್ತವ್ಯಸ್ತವಾಗಿ ಉಳಿಯುವ ಪ್ಲಾಸ್ಟಿಕ್ ಸ್ಫಟಿಕ ಸಿಗುತ್ತದೆ, ಮತ್ತು ಈ ದಿಕ್ಕುಗಳೂ ಸುಮಾರು 97 ಕೆಲ್ವಿನ್‌ನಲ್ಲಿ, ಅಂದರೆ ನಿಜವಾದ ಗಾಜಾಗುವ ತಾಪದ ಬಳಿಯಲ್ಲಿಯೇ, ಹೆಪ್ಪುಗಟ್ಟುತ್ತವೆ. ಪೂರ್ಣ ಕ್ರಮಬದ್ಧ ಸ್ಫಟಿಕ ಮೂರನೆಯದು. ಸ್ಥಾನಗಳಲ್ಲಿ ಕ್ರಮವಿದ್ದೂ ಆ ಎರಡನೆಯ ಘನವು ಕೆಲವು ಕೆಲ್ವಿನ್‌ಗಳಲ್ಲಿ ನಿಜವಾದ ಗಾಜಿನಂತೆಯೇ ಬೋಸಾನ್ ಶೃಂಗವನ್ನು ತೋರಿಸುವುದು ಈ ಕ್ಷೇತ್ರದ ಅತ್ಯಂತ ಸುಂದರ ಫಲಿತಾಂಶಗಳಲ್ಲೊಂದು ಎಂದು ನನಗೆ ಅನ್ನಿಸುತ್ತದೆ. ಒಂದೇ ಬಾಟಲಿಯಿಂದ ಇಷ್ಟನ್ನು ಕಲಿಸುವ ದ್ರವ್ಯ ವಿರಳ. ತಣಿಸುವ ವೇಗದ ಮೇಲೆ ಹಿಡಿತವಿಲ್ಲದ ಕ್ರಯೋಸ್ಟಾಟ್ (ಅತಿಶೀತವನ್ನು ಕಾಯ್ದುಕೊಳ್ಳುವ ಸಾಧನ) ಇರುವವರು ಮಾತ್ರ ಎಥನಾಲ್‌ಗೆ ಕೈಹಾಕದಿರುವುದು ಒಳಿತು, ಏಕೆಂದರೆ ಮಿಶ್ರ ಘನವನ್ನು ಅಳೆದರೆ ಆ ಅಂಕಿಗಳಿಂದ ಏನನ್ನೂ ನಿರ್ಣಯಿಸಲಾಗದು.

ಕೊಳ್ಳುವಾಗ ಲೇಬಲ್ಲನ್ನು ಓದಲೇಬೇಕು. ಸೋಂಕುನಿವಾರಕವಾಗಿ ಮಾರುವ 2-ಪ್ರೊಪನಾಲ್‌ನಲ್ಲಿ ಸಾಮಾನ್ಯವಾಗಿ ಶೇ. 30ರಷ್ಟು ನೀರಿರುತ್ತದೆ, ಸಾಧಾರಣ ಬಟ್ಟಿ ಇಳಿಸುವಿಕೆಯಿಂದ ಎಥನಾಲ್ ತೂಕದಲ್ಲಿ ಶೇ. 95.6ಕ್ಕಿಂತ ಶುದ್ಧವಾಗುವುದಿಲ್ಲ. ನೀರು ತಾನೇ ಹೈಡ್ರೋಜನ್ ಬಂಧಗಳನ್ನು ಕಟ್ಟುವುದರಿಂದ, ನಾವು ಅಧ್ಯಯನ ಮಾಡಲು ಹೊರಟ ಜೋಡಣೆಯನ್ನೇ ಅದು ಬದಲಿಸುತ್ತದೆ. ಜಲರಹಿತ ದರ್ಜೆಯನ್ನೇ ತರಿಸಿ, ಮೂರು ಆಂಗ್‌ಸ್ಟ್ರಾಮ್‌ನ ನೀರನ್ನು ಹೀರಿಕೊಳ್ಳುವ ಆಣ್ವಿಕ ಜರಡಿಯ ಮೇಲೆ ಇರಿಸಿ, ಬಳಸುವ ಮೊದಲು ಕಾರ್ಲ್ ಫಿಷರ್ ವಿಧಾನದಿಂದ ನೀರಿನ ಪ್ರಮಾಣವನ್ನು ಪರೀಕ್ಷಿಸಿಕೊಳ್ಳಬೇಕು.

ಬ್ಯುಟನಾಲ್‌ಗಳಲ್ಲಿ ತೃತೀಯಕ ಬಗೆಯನ್ನು (ಹೈಡ್ರಾಕ್ಸಿಲ್ ಗುಂಪು ಹೊತ್ತ ಕಾರ್ಬನ್ ಇನ್ನು ಮೂರು ಕಾರ್ಬನ್‌ಗಳಿಗೆ ಅಂಟಿರುವುದು) ಈ ಕೆಲಸಕ್ಕೆ ಶಿಫಾರಸು ಮಾಡಲಾರೆ. ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಅದು ಹೆಪ್ಪುಗಟ್ಟಿ ಸ್ಫಟಿಕವಾಗುತ್ತದೆ. ಉಳಿದವು ಗಾಜಾಗುತ್ತವೆ. ಮೂರು ಹೈಡ್ರಾಕ್ಸಿಲ್ ಗುಂಪುಗಳಿರುವ ಗ್ಲಿಸರಾಲ್ ಸುಮಾರು 190 ಕೆಲ್ವಿನ್‌ನಲ್ಲಿ ಗಾಜಾಗುತ್ತದೆ, ಅದರ ಶೃಂಗ 9 ಕೆಲ್ವಿನ್‌ಗೆ ಸಮೀಪವಿದೆ, ಮತ್ತು ಸ್ಫಟಿಕವಾಗದೆ ಉಳಿಯುವ ಅದರ ಗುಣದಿಂದಾಗಿ ಹೊಸದಾಗಿ ಕ್ಯಾಲೊರಿಮೀಟರ್ ಹೊಂದಿಸುವವರು ಮೊದಲ ಮಾಪನವನ್ನು ಇದರಿಂದಲೇ ಆರಂಭಿಸಬಹುದು. ಗಾಳಿಯ ತೇವವನ್ನು ಬೇಗ ಹೀರಿಕೊಳ್ಳುವುದರಿಂದ ಬಾಟಲಿಯನ್ನು ತೆರೆದಿಡುವಂತಿಲ್ಲ.